ಮುಖಪುಟದ ಮಚ್ಚೆ

ನಾಯಕಿಯ ಎಡಗಣ್ಣಿಗೆ ಬೆಳಕಿನ ಚುಕ್ಕೆ ಇಟ್ಟು ಆಗಿತ್ತು, ಬಲಗಣ್ಣಿನದು ಬಾಕಿ ಇತ್ತು. ಮುಖಪುಟ ವಿನ್ಯಾಸ ಮಾಡುವ ಅವಳು ಕಂಪ್ಯೂಟರಿನ ಪರದೆಯ ಕಡೆ ಇನ್ನಷ್ಟು ಬಾಗಿ, ಕರಿಗುಡ್ಡೆಯನ್ನು ಕೂದಲೆಳೆಯಷ್ಟು ಹಿಗ್ಗಿಸಿ, ಅದರ ಮೇಲೆ ಎಳ್ಳುಕಾಳಿನಷ್ಟು ಬಿಳುಪು ಕೂರಿಸಿದಳು. ಈಗ ನಾಯಕಿ ಪತ್ರಿಕೆ ಅಂಗಡಿಯ ಮುಂದೆ ಹಾದುಹೋಗುವವರನ್ನೆಲ್ಲ ಹೆಸರು ಹಿಡಿದು ಕರೆಯುವವಳಂತೆ ಕಂಡಳು. ನಿಜವಾದ ಫೋಟೋದಲ್ಲಿ ಆಕೆ ಊಟ ಎಷ್ಟು ಹೊತ್ತಿಗೆ ಬರುತ್ತದೋ ಎಂದು ಬಾಗಿಲ ಕಡೆ ನೋಡುತ್ತಿದ್ದಳು.

ಹದಿನೆಂಟು ವರ್ಷದಿಂದ ಈ ಸಿನಿಮಾ ಮಾಸಪತ್ರಿಕೆಯ ಮುಖಪುಟ ಅವಳ ಕೈಯಿಂದಲೇ ಆಗುತ್ತಿತ್ತು. ಅದಕ್ಕೆ ಸಂಪಾದಕರ ಕಟ್ಟಳೆಗಳಿದ್ದವು. ಅಂಗಡಿಯವನು ಪತ್ರಿಕೆಗಳನ್ನು ಒಂದರ ಮೇಲೊಂದು ಓರೆಯಾಗಿ ಜೋಡಿಸುತ್ತಾನೆ, ಜನಕ್ಕೆ ಕಾಣುವುದು ಎಡಗಡೆಯ ನಾಲ್ಕು ಬೆರಳಗಲ ಮಾತ್ರ. ಆದ್ದರಿಂದ ‘ಗುಟ್ಟು’, ‘ಕಣ್ಣೀರು’, ‘ಮುರಿದ ಮದುವೆ’ ಎಲ್ಲ ಅಲ್ಲೇ ಬರಬೇಕು. ಬಲಗಡೆ ಬೇಕಾದರೆ ಸತ್ಯ ಬರೆದುಕೊಳ್ಳಬಹುದು. ನಾಯಕಿಯ ತಲೆ ಪತ್ರಿಕೆಯ ಹೆಸರಿನ ಒಂದಕ್ಷರ ಮುಚ್ಚಬೇಕು. ನಾಯಕನದಾದರೆ ಎರಡಕ್ಷರ. ನೀಲಿ ಬಣ್ಣ ಕೂಡದೇ ಕೂಡದು, ಹಿಂದೊಮ್ಮೆ ನೀಲಿ ಹಾಕಿದ ತಿಂಗಳು ಸಂಪಾದಕರಿಗೆ ಹಲ್ಲುನೋವು ಬಂದಿತ್ತು.

ಎಲ್ಲಕ್ಕಿಂತ ದೊಡ್ಡದು ಕೊನೆಯ ಪರೀಕ್ಷೆ. ಕರಡು ಪ್ರತಿಯನ್ನು ಕಾರಿಡಾರಿನ ಗೋಡೆಗೆ ಅಂಟಿಸಿ, ಸಂಪಾದಕರು ಅದಕ್ಕೆ ಬೆನ್ನು ಹಾಕಿ ಹತ್ತು ಹೆಜ್ಜೆ ನಡೆದು, ಗಕ್ಕನೆ ತಿರುಗುತ್ತಿದ್ದರು. ಕಣ್ಣು ಮೊದಲು ಎಲ್ಲಿ ಬಿತ್ತೋ ಅದರ ಮೇಲೆ ಆ ತಿಂಗಳ ಭವಿಷ್ಯ. ಕಚೇರಿಯಲ್ಲಿ ಅವರ ಬೆನ್ನ ಹಿಂದೆ ಎಲ್ಲರೂ ಅವರನ್ನು ‘ಹತ್ತುಹೆಜ್ಜೆ’ ಎನ್ನುತ್ತಿದ್ದರು.

ಕಣ್ಣು ಮುಗಿಸಿ ಅವಳು ಕುತ್ತಿಗೆಗೆ ಬಂದಳು. ಇದು ಮಾತ್ರ ಅವಳೊಬ್ಬಳ ಗುಟ್ಟು. ಹನ್ನೊಂದು ವರ್ಷದ ಹಿಂದೆ ಒಬ್ಬ ನಾಯಕಿ ಗಂಟಲುನೋವೆಂದು ಮಫ್ಲರ್ ಸುತ್ತಿಕೊಂಡೇ ಫೋಟೋ ತೆಗೆಸಿಕೊಂಡು ಹೋಗಿದ್ದಳು. ಮುದ್ರಣಕ್ಕೆ ಎರಡು ತಾಸು ಉಳಿದಿತ್ತು. ಆಗಿದ್ದ ಮುದಿ ಛಾಯಾಗ್ರಾಹಕ ತಲೆ ಕೆರೆದುಕೊಂಡು, “ಮೇಡಂ, ಒಂದ್ನಿಮಿಷ ಕಿಟಕಿ ಕಡೆ ತಿರುಗಿ. ಬೇಜಾರು ಮಾಡ್ಕೋಬೇಡಿ, ನಿಮ್ಮ ಕುತ್ತಿಗೆ ಅವರದಕ್ಕಿಂತ ಚೆನ್ನಾಗಿದೆ” ಎಂದಿದ್ದ. ಅವಳಿಗೆ ಆಗ ಮೂವತ್ತನಾಲ್ಕು. ಆ ಕುತ್ತಿಗೆ ಅಂದಿನಿಂದ ನಲವತ್ತಕ್ಕೂ ಹೆಚ್ಚು ತಲೆಗಳನ್ನು ಹೊತ್ತಿತ್ತು. ಛಾಯಾಗ್ರಾಹಕ ತೀರಿಕೊಂಡ ಮೇಲೆ ಅದು ಯಾರದೆಂದು ಬಲ್ಲವರು ಯಾರೂ ಉಳಿದಿರಲಿಲ್ಲ. ನಾಯಕಿಯರೂ ಕೇಳಲಿಲ್ಲ. ಚೆಂದದ ಕುತ್ತಿಗೆ ಕೊಟ್ಟರೆ ಇದು ನನ್ನದಲ್ಲ ಎನ್ನುವವರು ಯಾರು?

ಒಂದೇ ತೊಡಕೆಂದರೆ ಅವಳ ಎಡಗಿವಿಯ ಕೆಳಗಿನ ಮಚ್ಚೆ. ಪ್ರತಿಸಲ ಎಲ್ಲ ಜೋಡಿಸಿಯಾದ ಮೇಲೆ ಅದನ್ನು ಅಳಿಸಬೇಕಿತ್ತು. ಇನ್ನೇನು ಅಳಿಸಬೇಕು, ಅಷ್ಟರಲ್ಲಿ ಹಿಂದಿನಿಂದ ಹತ್ತುಹೆಜ್ಜೆಯವರ ದನಿ ಬಂತು.

“ಅಮ್ಮಾ, ‘ನಾನು ಒಂಟಿ’ ಅಂತ ಹಾಕಿದ್ದೀರಲ್ಲ, ತೀರಾ ಸಪ್ಪೆ. ‘ನಾನು ಒಂಟಿಯೇ?’ ಅಂತ ಮಾಡಿ.”

“ಸರ್, ಮನೇಲಿ ಎರಡು ನಾಯಿ ಇವೆ ಅಂತ ಅಷ್ಟೇ ಅವರು ಹೇಳಿರೋದು.”

“ಅದೇ ನೋಡಿ! ಮನುಷ್ಯರು ಇಲ್ಲ ಅಂತಾಯ್ತಲ್ಲ!”

ಹದಿನೇಳು ಸಲ ಶೀರ್ಷಿಕೆ ಬದಲಾಯಿತು. ಕೊನೆಗೆ ‘ನಾನು ಒಂಟಿ’ ಎಂಬುದೇ ಉಳಿಯಿತು, ಅದರ ಮುಂದೆ ಮೂರು ಉದ್ಗಾರ ಚಿಹ್ನೆ. ಆ ಗಡಿಬಿಡಿಯಲ್ಲಿ ಮಚ್ಚೆ ಮುದ್ರಣಕ್ಕೆ ಹೋಯಿತು.

ಮೊದಲ ವಾರ ಯಾರೂ ಏನೂ ಅನ್ನಲಿಲ್ಲ. ಎರಡನೆಯ ವಾರ ಓದುಗರ ಪತ್ರಗಳು ಶುರುವಾದವು. ಈ ಮಚ್ಚೆ ಮುಂಚೆ ಇರಲಿಲ್ಲವಲ್ಲ? ಇದು ಪ್ರೇಮದ ಗುರುತೇ? ಹತ್ತುಹೆಜ್ಜೆಯವರು ಪತ್ರಗಳ ಕಟ್ಟು ಹಿಡಿದು ಸಿಡಿಮಿಡಿಗೊಳ್ಳುತ್ತ ಅವಳ ಮೇಜಿಗೆ ಬಂದರು. ಕಟ್ಟು ದಪ್ಪವಿದ್ದುದು ಅರ್ಧ ದಾರಿಯಲ್ಲೇ ಅವರ ಗಮನಕ್ಕೆ ಬಂದಿರಬೇಕು, ಮೇಜು ಮುಟ್ಟುವ ಹೊತ್ತಿಗೆ ಮುಖ ಅರಳಿತ್ತು.

“ಅಮ್ಮಾ, ಇದು ತಪ್ಪಲ್ಲ, ಇದು ವಿನ್ಯಾಸ. ಮುಂದಿನ ತಿಂಗಳೂ ಇರಲಿ.”

ಮುಂದಿನ ತಿಂಗಳ ನಾಯಕಿಯ ಮ್ಯಾನೇಜರು ಫೋನು ಮಾಡಿ, ಹಿಂದಿನವಳಿಗಿಂತ ನಮ್ಮವರ ಮಚ್ಚೆ ಒಂದು ಸುತ್ತು ದೊಡ್ಡದಿರಬೇಕು ಎಂದ. ಅದರ ಮುಂದಿನ ತಿಂಗಳು ಒಬ್ಬ ನಾಯಕ ತನಗೂ ಬೇಕೆಂದು ಹಟ ಹಿಡಿದ. ಅವನ ದಪ್ಪ ಗಡ್ಡದೊಳಗೆ ಅದಕ್ಕೆ ಜಾಗ ಮಾಡಲು ಅವಳಿಗೆ ಒಂದು ಮಧ್ಯಾಹ್ನವೇ ಹಿಡಿಯಿತು. ಬಸ್ಸಿನಲ್ಲಿ ಕಾಲೇಜು ಹುಡುಗಿಯರು ಎಡಗಿವಿಯ ಕೆಳಗೆ ಹುಬ್ಬಿನ ಪೆನ್ಸಿಲಿನ ಚುಕ್ಕೆ ಇಟ್ಟುಕೊಂಡು ಓಡಾಡತೊಡಗಿದರು. ಅವರ ನಡುವೆ ನಿಂತು ಹೋಗುವಾಗ ಅವಳಿಗೆ ತಾನೇ ಯಾರನ್ನೋ ನೋಡಿ ನಕಲು ಮಾಡಿಕೊಂಡಿದ್ದೇನೆ ಎನಿಸುತ್ತಿತ್ತು.

ಆದರೂ ಒಳಗೊಳಗೇ ಒಂದು ಪುಳಕ ಹುಟ್ಟಿತ್ತು, ಸುಳ್ಳೇಕೆ ಹೇಳಬೇಕು. ಒಂದು ಭಾನುವಾರ ಬೆಳಿಗ್ಗೆ ಅವಳು ತಲೆಗೆ ನೀರು ಹಾಕಿಕೊಂಡು, ಕೂದಲನ್ನು ಬಲಗಡೆಗೆ ಇಳಿಬಿಟ್ಟು ಒರೆಸಿಕೊಳ್ಳುತ್ತ ಕೂತಿದ್ದಳು. ಕೈಯಳತೆಯ ದೂರದಲ್ಲಿ ಗಂಡ ಪತ್ರಿಕೆಯನ್ನು ಮೂಗಿಗೆ ಹಿಡಿದಿದ್ದ.

“ಏ ಇವಳೇ, ನೋಡಿದ್ಯಾ? ಈ ಮಚ್ಚೆಯಿಂದಾನೇ ಮುಖಕ್ಕೊಂದು ಕಳೆ.”

“ಹೌದಾ ರೀ?”

“ಮತ್ತೆ? ಇಂಥದ್ದೆಲ್ಲ ಹುಟ್ಟಿನಿಂದ ಬರ್ಬೇಕು. ಕಂಡಕಂಡೋರಿಗೆ ಎಲ್ಲಿ ಸಿಗುತ್ತೆ!”

ಅಡುಗೆಮನೆಯಿಂದ ನಾದಿನಿ ಕೂಗಿದಳು, “ಅತ್ತಿಗೆ, ನೀವೂ ಪೆನ್ಸಿಲಲ್ಲಿ ಒಂದು ಚುಕ್ಕೆ ಇಟ್ಕೊಳ್ಳಿ. ಪಾಪ, ಅಣ್ಣನ ಆಸೆ ತೀರ್ಲಿ.”

“ಇವಳಿಗಾ? ಈ ವಯಸ್ಸಲ್ಲಾ?” ಎಂದು ಗಂಡ ನಕ್ಕ. ಕೆಟ್ಟದ್ದಾಗಿ ಅಲ್ಲ, ಮನೆಯ ಹಳೆಯ ಕುರ್ಚಿಯನ್ನು ತಮಾಷೆ ಮಾಡುವಷ್ಟು ಸಲಿಗೆಯಿಂದ ನಕ್ಕ.

ಇಪ್ಪತ್ತೆರಡು ವರ್ಷದ ಸಂಸಾರ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹಿತ್ತಲಲ್ಲಿ ಗಿಡವಿದೆ ಎಂಬುದಾದರೂ ಮನೆಯವರಿಗೆ ಗೊತ್ತಿರಬೇಡವೇ? ತಾನಾಗಿ ಹೇಳುವುದು ಸುಲಭವಿತ್ತು. ಹೇಳಿದರೆ ಅದು ಸುದ್ದಿಯಾಗುತ್ತಿತ್ತು, ಅಷ್ಟೇ. ಅವಳಿಗೆ ಬೇಕಾಗಿದ್ದುದು ಅವನೇ ಕಂಡು ಹೇಳುವುದು. ಒಂದು ತಿಂಗಳು ನೋಡೋಣ ಎಂದುಕೊಂಡಳು. ಮರುದಿನದಿಂದ ಕೂದಲನ್ನು ಎತ್ತಿ ಕಟ್ಟಿದಳು. ಊಟಕ್ಕೆ ಅವನ ಎಡಗಡೆ ಕೂರುವುದು ಬಿಟ್ಟು, ಎಡಗೆನ್ನೆ ಅವನ ಕಡೆಗಿರುವಂತೆ ಕುರ್ಚಿ ಬದಲಿಸಿದಳು. ಒಂಬತ್ತನೆಯ ದಿನ ಅವನು ತಟ್ಟೆಯಿಂದ ತಲೆಯೆತ್ತಿ ಅವಳನ್ನೇ ದಿಟ್ಟಿಸಿದ. ಅವಳು ಎಡಗೆನ್ನೆಯನ್ನು ಇನ್ನಷ್ಟು ಅವನ ಕಡೆ ತಿರುಗಿಸಿದಳು.

“ಕತ್ತು ಏನಾದ್ರೂ ಉಳುಕಿದ್ಯಾ? ಒಂದೇ ಕಡೆ ತಿರುಗಿಸ್ಕೊಂಡು ಕೂತಿರ್ತೀಯಲ್ಲ. ಮುಲಾಮು ಹಚ್ಕೋ.”

ಹಚ್ಚಿಕೊಳ್ಳುತ್ತೇನೆ ಎಂದಳು.

ಕಚೇರಿಯಲ್ಲಿ ಅಷ್ಟು ಹೊತ್ತಿಗೆ ಕಡ್ಡಿ ಗುಡ್ಡವಾಗಿತ್ತು. ಹತ್ತುಹೆಜ್ಜೆಯವರು ‘ಮಚ್ಚೆ ಸುಂದರಿ’ ಎಂಬ ಸ್ಪರ್ಧೆ ಸಾರಿದ್ದರು. ಅದೇ ಜಾಗದಲ್ಲಿ, ಅಂಥದ್ದೇ ಮಚ್ಚೆ ಇರುವ ಓದುಗರು ಫೋಟೋ ಕಳಿಸಬೇಕು. ಗೆದ್ದವಳು ಮುಂದಿನ ಮುಖಪುಟದಲ್ಲಿ. ನಿಯಮಗಳ ಕೊನೆಯಲ್ಲಿ ‘ಸಿಬ್ಬಂದಿಗೆ ಅವಕಾಶವಿಲ್ಲ’ ಎಂದು ಬರೆಸುವಾಗ ಅವರು ಅವಳ ಮುಖ ನೋಡಿಯೇ ಅಂದರು, “ನಮ್ಮಲ್ಲಿ ಯಾರಿಗಿದೆ ಬಿಡಿ! ಆದರೂ ಒಂದು ಶಿಸ್ತು ಅಂತ.”

ಮೂರು ಚೀಲ ಫೋಟೋಗಳು ಬಂದವು. ಬಿಡಿಸಿ ಜೋಡಿಸುವ ಕೆಲಸವೂ ಅವಳದೇ. ಆರಿಸುವಾಗ ಮಚ್ಚೆಯನ್ನು ಯಾರೂ ನೋಡಲಿಲ್ಲ, ಮುಖ ನೋಡಿ ಆರಿಸಿದರು. ಗೆದ್ದವಳು ಬಟ್ಟೆ ಅಂಗಡಿಯೊಂದರಲ್ಲಿ ಅಳತೆ ಮಾಡಿ ಕತ್ತರಿಸಿಕೊಡುವ ಹುಡುಗಿ. ಫೋಟೋ ತೆಗೆಸಿಕೊಳ್ಳಲು ತಾಯಿಯ ಜೊತೆ ಬಂದಳು. ತಾಯಿಯನ್ನು ಹೊರಗೆ ಕೂರಿಸಿ, ಅವಳೇ ಹುಡುಗಿಯ ಕಾಲರು ಸರಿಪಡಿಸಲು ನಿಂತಳು. ದೀಪದ ಕಾವಿಗೆ ಹುಡುಗಿಯ ಕಿವಿಯ ಕೆಳಗಿನ ಮಚ್ಚೆ ಕರಗಿ ಇಳಿಯತೊಡಗಿತು.

“ಅಕ್ಕಾ,” ಹುಡುಗಿ ಪಿಸುಗುಟ್ಟಿದಳು, “ಬಯ್ಬೇಡಿ. ನಂಗೆ ಮಚ್ಚೆ ಇಲ್ಲ. ಪೆನ್ಸಿಲಲ್ಲಿ ಇಟ್ಟಿದ್ದು. ಅಮ್ಮನೇ ಇಟ್ಟಿದ್ದು.” ಎದುರಿನ ಕನ್ನಡಿಯಲ್ಲಿ ಹುಡುಗಿಯ ಕಣ್ಣು ತಟ್ಟನೆ ನಿಂತಿತು. “ಅಯ್ಯೋ, ನಿಮಗಿದೆಯಲ್ಲಕ್ಕಾ! ಅದೇ ಜಾಗ, ಅದೇ ಓರೆ. ಪುಸ್ತಕದ ಮೇಲಿರೋದು ನಿಮ್ಮದೇನಾ?”

ಮೂರು ವಾರದಿಂದ ಕಾದ ಮಾತು ಯಾರೋ ಹುಡುಗಿಯ ಬಾಯಿಂದ ನಾಲ್ಕೇ ನಿಮಿಷದಲ್ಲಿ ಬಂದುಬಿಟ್ಟಿತ್ತು. ಅವಳಿಗೆ ನಗು ಬಂತು.

“ಅಲ್ಲಾಡ್ಬೇಡ, ಕೂದಲು ಕೆಡುತ್ತೆ.”

“ನನ್ನ ತೆಗೆದು ಹಾಕ್ಬಿಡ್ತೀರಾ?”

“ಇಲ್ಲಮ್ಮ.”

“ಇನ್ನೊಂದು ಕೇಳ್ಲಾ? ಕಂಪ್ಯೂಟರಲ್ಲಿ ಏನೇನೋ ಮಾಡ್ತೀರಂತಲ್ಲ. ಎಲ್ಲಾ ಮಾಡಿದ್ಮೇಲೆ ಅದರಲ್ಲಿ ನಾನೇ ಇರ್ತೀನಾ? ಅಂಗಡೀಲಿ ಎಲ್ಲರಿಗೂ ಹೇಳ್ಬಿಟ್ಟಿದೀನಿ. ಅವರು ನೋಡಿ, ಏಯ್ ಇದು ನೀನಲ್ಲ ಬಿಡೇ ಅಂದ್ರೆ ನಾನೆಲ್ಲಿ ಮುಖ ಇಟ್ಕೊಳ್ಲಿ?”

ಅವಳು ಒದ್ದೆ ಹತ್ತಿಯಿಂದ ಹುಡುಗಿಯ ಕತ್ತಿನ ಕಪ್ಪು ಒರೆಸಿದಳು. ಮಚ್ಚೆ ಆಮೇಲೆ ಕಂಪ್ಯೂಟರಿನಲ್ಲಿ ಬರುತ್ತದೆ ಎಂದು ಛಾಯಾಗ್ರಾಹಕನಿಗೆ ಹೇಳಿದಳು. ಅದೇ ಈ ಕಚೇರಿಯ ಪದ್ಧತಿ.

ಎರಡು ದಿನದ ಮೇಲೆ ಮುದ್ರಣಕ್ಕೆ ಕಳಿಸುವ ಮಧ್ಯಾಹ್ನ ಬಂತು. ಎಡಗಡೆಯ ನಾಲ್ಕು ಬೆರಳಗಲದಲ್ಲಿ ‘ಮಚ್ಚೆ ಸುಂದರಿ ಸಿಕ್ಕಳು!!!’ ಎಂದು ಕೆಂಪಿನಲ್ಲಿ ಕೂತಿತ್ತು. ಹುಡುಗಿಯ ತಲೆ ಒಂದಕ್ಷರ ಮುಚ್ಚಿತ್ತು. ಕಣ್ಣಿಗೆ ಚುಕ್ಕೆ ಇಡುವುದು ಬೇಕಾಗಲಿಲ್ಲ, ಕಣ್ಣಲ್ಲೇ ಬೇಕಾದಷ್ಟು ಬೆಳಕಿತ್ತು. ಕುತ್ತಿಗೆ ಬದಲಿಸಿ ಮಚ್ಚೆ ಉಳಿಸುವುದೊಂದೇ ಬಾಕಿ. ಅಷ್ಟರಲ್ಲಿ ಕಾರಿಡಾರಿನಿಂದ ಕೂಗು ಬಂತು, “ಅಮ್ಮಾ, ಕರಡು ಎಲ್ಲಿ? ಪ್ರಸಾರ ವಿಭಾಗದವರೂ ಬಂದು ನಿಂತಿದ್ದಾರೆ!” ಇದ್ದುದನ್ನು ಇದ್ದಹಾಗೆ ಒಂದು ಹಾಳೆಯಲ್ಲಿ ಮುದ್ರಿಸಿಕೊಂಡು, ಮಚ್ಚೆ ಆಮೇಲೆ ಸೇರಿಸುತ್ತೇನೆ ಎಂದು ಹೇಳಲು ಬಾಯಿ ತೆರೆಯುತ್ತಲೇ ಅವಳು ಹೊರಗೆ ಬಂದಳು. ಅಷ್ಟರಲ್ಲಿ ಹತ್ತುಹೆಜ್ಜೆಯವರು ಹಾಳೆ ಕಸಿದು ಗೋಡೆಗೆ ಅಂಟಿಸಿ, ಬೆನ್ನು ತಿರುಗಿಸಿ ಹೊರಟೇಬಿಟ್ಟಿದ್ದರು. ಎಂಟು, ಒಂಬತ್ತು, ಹತ್ತು. ಗಕ್ಕನೆ ತಿರುಗಿದರು.

“ಆಹಾ!” ಎಂದರು. “ಕಣ್ಣು ಮೊದಲು ಹೋಗಿದ್ದೇ ಮಚ್ಚೆಗೆ!”

ಉಪಸಂಪಾದಕಿ ಕನ್ನಡಕ ಏರಿಸಿ ನೋಡಿ, “ಹೌದು ಸರ್, ಎದ್ದು ಕಾಣ್ತಿದೆ” ಎಂದಳು.

ಪ್ರಸಾರದ ಮುಖ್ಯಸ್ಥರು ಗೋಡೆಯ ಹತ್ತಿರಕ್ಕೇ ಹೋಗಿ, ಕತ್ತು ಓರೆ ಮಾಡಿ, ಹುಬ್ಬು ಗಂಟಿಕ್ಕಿದರು. ಈಗ ಸಿಕ್ಕಿಬಿದ್ದೆ ಎಂದು ಅವಳು ಅಂದುಕೊಂಡಳು.

“ಚೆನ್ನಾಗಿದೆ. ಆದ್ರೆ ಒಂಚೂರು ಚಿಕ್ಕದು ಮಾಡಿದ್ರೆ ಒಳ್ಳೇದೇನೋ. ತೀರಾ ಕಣ್ಣಿಗೆ ಹೊಡೀತಿದೆ.”

“ನೋಡಿದ್ರಾ ಅಮ್ಮಾ? ಒಂಚೂರು ಚಿಕ್ಕದು ಮಾಡಿ ಕಳಿಸಿಬಿಡಿ.”

“ಮಾಡ್ತೀನಿ ಸರ್.”

ಅವಳು ಮರಳಿ ಬಂದು ಕೂತಳು. ಮುದ್ರಣಕ್ಕೆ ಇನ್ನೂ ಅರ್ಧ ತಾಸಿತ್ತು. ಇಲ್ಲದ ಮಚ್ಚೆಯನ್ನು ಮೂವರು ಕಂಡಿದ್ದರು. ಇದ್ದ ಮಚ್ಚೆಯನ್ನು ಅವಳ ಮನೆಯಲ್ಲಿ ಒಬ್ಬ ಕಂಡಿರಲಿಲ್ಲ. ಗಂಡನ ಮೇಲಿನ ಸಿಟ್ಟಿಗೆ ಈಗ ಮೂವರು ಪಾಲುದಾರರು ಸಿಕ್ಕಂತಾಗಿ, ಅದು ಕರಗದಿದ್ದರೂ ತುಸು ಹಗುರಾಯಿತು. ಕಾಯುವುದರಲ್ಲಿ ಅರ್ಥವಿಲ್ಲ ಎನಿಸಿತು. ತಿಂಗಳು ಮುಗಿಯಲು ಇನ್ನೂ ಆರು ದಿನವಿತ್ತು. ಆ ಆರು ದಿನವನ್ನು ಅವಳು ಅಲ್ಲೇ ಕೈಬಿಟ್ಟಳು. ಮನೆಯಲ್ಲಿ ಹೇಳುವುದೂ ಇಲ್ಲ, ತೋರಿಸುವುದೂ ಇಲ್ಲ. ಊಟಕ್ಕೆ ತನಗೆ ಗಾಳಿ ಬರುವ ಕಡೆ ಕೂರುವುದು.

ಪರದೆಯ ಮೇಲೆ ಹುಡುಗಿಯ ಕುತ್ತಿಗೆಯನ್ನು ದೊಡ್ಡದು ಮಾಡಿ ನೋಡಿದಳು. ದಿನವಿಡೀ ಅಳತೆಯ ಟೇಪು ತೂಗಿ ಬಿದ್ದಿದ್ದ ತೆಳು ಗೀರೊಂದು ಹಿಂಬದಿಯಿಂದ ಕಾಲರಿನವರೆಗೆ ಇಳಿದಿತ್ತು. ಅಂಗಡಿಯವರು ಅದನ್ನು ನೋಡಿದೊಡನೆ ಗುರುತು ಹಿಡಿಯುತ್ತಾರೆ. ಅವಳ ಕೈ ಅಭ್ಯಾಸದಿಂದ ಅದರತ್ತ ಹೋಗಿ, ಹಾಗೇ ಹಿಂದಕ್ಕೆ ಬಂತು.

ಹನ್ನೊಂದು ವರ್ಷದ ಹಿಂದಿನ ಫೈಲನ್ನು ತೆರೆದಳು. ಕಿಟಕಿಯ ಬೆಳಕು, ಮೂವತ್ತನಾಲ್ಕರ ಕುತ್ತಿಗೆ. ಚೆನ್ನಾಗಿಯೇ ಇತ್ತು, ಆ ಮುದುಕ ಸುಳ್ಳು ಹೇಳಿರಲಿಲ್ಲ. ಅಳಿಸುವ ಗುಂಡಿ ಒತ್ತಿದಾಗ, ನಿಜವಾಗಿಯೂ ಅಳಿಸಬೇಕೆ ಎಂದು ಕಂಪ್ಯೂಟರು ಕೇಳಿತು. ಇಷ್ಟು ದಿನದಲ್ಲಿ ಆ ಕುತ್ತಿಗೆಯ ಬಗ್ಗೆ ಅವಳ ಅಭಿಪ್ರಾಯ ಕೇಳಿದ್ದು ಅದೊಂದೇ. ಹೌದು ಎಂದಳು. ಆಮೇಲೆ ಹುಡುಗಿಯನ್ನು ಇದ್ದಹಾಗೆಯೇ ಮುದ್ರಣಕ್ಕೆ ಕಳಿಸಿದಳು.

“ಆಯ್ತಾ ಮೇಡಂ? ಚಿಕ್ಕದು ಮಾಡಿದ್ರಾ?” ಉಪಸಂಪಾದಕಿ ಚೀಲ ಹೆಗಲಿಗೇರಿಸುತ್ತ ಬಾಗಿಲಲ್ಲಿ ಇಣುಕಿದಳು.

“ಮಾಡ್ದೆ,” ಎಂದಳು ಅವಳು, ಮುಂದಿನ ತಿಂಗಳ ನಾಯಕಿಯ ಫೋಟೋಗಳನ್ನು ತೆರೆಯುತ್ತ.