ಗೋಡೆಯಾಚೆ ಎಸೆದ ಉಣ್ಣೆ

ಎಮ್ಮೆಯ ಕಿವಿಯೊಳಗಿಂದ ರಕ್ತ ಕುಡಿದು ಹುಣಸೆ ಬೀಜದಷ್ಟು ಊದಿದ್ದ ಉಣ್ಣೆಯೊಂದನ್ನು ಕಿತ್ತು ಆದೆಮ್ಮ ಅತ್ತಿತ್ತ ನೋಡಿದಳು. ಯಾರೂ ಇರಲಿಲ್ಲ. ಉಣ್ಣೆಯನ್ನು ಮಣ್ಣಿನ ಅಡ್ಡಗೋಡೆಯಾಚೆ ಎಸೆದಳು. ಆಚೆಗಿರುವುದು ನೆಗೆಣ್ಣಿ ತಿಮ್ಮವ್ವನ ಕೊಟ್ಟಿಗೆ.

ಕುರ್ಡಿ ಊರಿನ ಆ ಮನೆ ಪಾಲಾದಾಗ ಒಂದೇ ಎಮ್ಮೆಯ ಎರಡು ಕರುಗಳೂ ಪಾಲಾಗಿದ್ದವು. ಹಿರಿಸೊಸೆಯೆಂದು ಮೊದಲು ಆರಿಸಿಕೊಂಡವಳು ಆದೆಮ್ಮನೇ. ಈಗ ನೋಡಿದರೆ ತಿಮ್ಮವ್ವನ ಎಮ್ಮೆ ಮಿರಮಿರ ಮಿಂಚುತ್ತದೆ, ಇವಳದರ ಎಲುಬು ಎಣಿಸಬಹುದು. ಡೇರಿಯವರು ಹೊಗಳುವುದೂ ತಿಮ್ಮವ್ವನ ಹಾಲನ್ನೇ. ಹೊಟ್ಟೆ ಉರಿಯದೆ ಏನಾದೀತು? ಅವಳ ಎಮ್ಮೆಗೂ ಹತ್ತಲಿ, ಅವಳೂ ಕೂತು ಕೀಳಲಿ ಎಂದು ಆದೆಮ್ಮ ದಿನವೂ ಎಸೆಯುತ್ತಲೇ ಇದ್ದಳು. ಮಾನ್ವಿಯಿಂದ ಔಷಧಿ ತಂದು ತನ್ನ ಎಮ್ಮೆಗೆ ಹೊಡೆದರೂ ಉಣ್ಣೆಗಳು ಮತ್ತೆ ಹತ್ತುತ್ತಿದ್ದವು. ಎಮ್ಮೆ ಮೇವು ಬಿಟ್ಟಿತು.

ಕೊನೆಗೆ ದನದ ಡಾಕ್ಟರು ಬಂದರು. ಎಮ್ಮೆಯ ಕಣ್ಣರೆಪ್ಪೆ ಬಿಡಿಸಿ ನೋಡಿ, "ಮೈಯಾಗ ರಕ್ತನ ಇಲ್ಲಲ್ರೀ ಯಮ್ಮಾ! ಇನ್ನ ತಡ ಮಾಡಿದ್ರ ಕೈ ಬಿಡ್ತಿತ್ತು" ಎಂದು ಸೂಜಿ ಚುಚ್ಚಿದರು. ಆಮೇಲೆ ಅಡ್ಡಗೋಡೆಯ ಬಿರುಕಿಗೆ ಕಡ್ಡಿ ತೂರಿಸಿದರು. ಸಾಸಿವೆ ಕಾಳಿನಂಥ ಮರಿಗಳು ಬುಳುಬುಳು ಹೊರಬಂದವು.

"ಬರೀ ಎಮ್ಮಿಗೆ ಹೊಡದ್ರ ಏನಾಗ್ತದ? ರಕ್ತ ಕುಡದ ಉಣ್ಣಿ ಇಂಥ ಸಂದ್ಯಾಗ ಸೇರಿ ಸಾವಿರಗಟ್ಲೆ ತತ್ತಿ ಇಡ್ತದ. ಕಿತ್ತಿದ್ದು ಎಲ್ಲಿ ಒಗಿತಿದ್ರಿ?"

"ಇಲ್ಲೇ... ಹೊರಗ" ಎಂದಳು ಆದೆಮ್ಮ.

ಮಾತು ಕೇಳಿಸಿಕೊಂಡು ತಿಮ್ಮವ್ವ ಔಷಧಿಯ ಪಂಪು ಹಿಡಿದು ಈಚೆ ಬಂದಳು. "ಯಕ್ಕಾ, ನಮ್ಮ ಕಡಿ ಗ್ವಾಡಿಯಾಗೂ ಅದಾವ. ದಿನಾ ಬಳದು ಸುಡ್ತೀನಿ, ಎಲ್ಲಿಂದ ಬರ್ತಾವೋ ತಿಳೀವಲ್ದು. ಎರಡೂ ಕಡಿ ಇವತ್ತ ಹೊಡಿಯಾಮು. ನಿನ್ನ ಎಮ್ಮಿ ಉಳೀಲಿ, ನಂದು ಅದರ ತಂಗಿ ಅಲ್ಲೇನು?"

ಆದೆಮ್ಮನಿಗೆ ನಾಚಿಕೆಯಾಗಬೇಕಿತ್ತು. ಮೊದಲು ಬಂದದ್ದು ಸಿಟ್ಟು. ಒಳ್ಳೆಯವಳಾಗುವುದರಲ್ಲೂ ಇವಳೇ ಮುಂದೆ!

ಡಾಕ್ಟರು ಹೋದ ಮೇಲೆ ಇಬ್ಬರೂ ಎಮ್ಮೆಯ ಎರಡು ಬದಿಗೆ ಕೂತರು. ತಿಮ್ಮವ್ವ ಕಿತ್ತ ಉಣ್ಣೆಗಳನ್ನು ಡೀಸೆಲ್ ಇದ್ದ ಡಬ್ಬಿಗೆ ಹಾಕುತ್ತಿದ್ದಳು. ಆದೆಮ್ಮ ಕೊರಳ ಕೆಳಗಿನದೊಂದನ್ನು ಕಿತ್ತಳು. ಕೈ ತಾನಾಗಿ ಗೋಡೆಯತ್ತ ಎದ್ದಿತು.

ತಿಮ್ಮವ್ವ ಆ ಕೈಯನ್ನು ನೋಡಿದಳು. ಗೋಡೆಯನ್ನು ನೋಡಿದಳು.

"ಇದರಾಗ ಹಾಕು, ಯಕ್ಕಾ" ಎಂದು ಎಮ್ಮೆಯ ಹೊಟ್ಟೆಯ ಕೆಳಗಿಂದ ಡಬ್ಬಿ ಚಾಚಿದಳು.

ಎತ್ತಿದ ಕೈ ಹಾಗೇ ನಿಂತಿತ್ತು. ಬೆರಳುಗಳ ನಡುವೆ ಉಣ್ಣೆ ಕಾಲಾಡಿಸುತ್ತಿತ್ತು.