ಗಂಟಲ ಮಣಿ ಇಳಿಯುವ ತನಕ

ಮಣಿ ಮೇಲೇರಿತು, ಅಲ್ಲೇ ನಿಂತಿತು, ತಾತನ ಸುಕ್ಕುಗಟ್ಟಿದ ಕುತ್ತಿಗೆಯಲ್ಲಿ ಆ ಗಂಟಲ ಮಣಿ, ಇಳಿಯಲೋ ಬೇಡವೋ ಎಂಬಂತೆ — ಇಳಿಯಿತು, ಸರಿ, ಇನ್ನೊಂದು ಚಮಚ, ನುಣ್ಣಗೆ ಅರೆದ ಕುಂಬಳಕಾಯಿ, ತುದಿಯಷ್ಟೇ, ಬಟ್ಟಲಲ್ಲಿ ಇನ್ನೂ ಅರ್ಧ ಇದೆ, ಬಾಗಿಲ ಬಳಿಯ ಮೇಜಿನ ಮೇಲೆ ನರ್ಸ್ ಇಟ್ಟುಹೋದ ಪೈಪಿನ ಪೊಟ್ಟಣವೂ ಇದೆ, ಇವತ್ತು ಬಟ್ಟಲು ಖಾಲಿಯಾಗದಿದ್ರೆ ಮೂಗಿಗೆ ಪೈಪು ಹಾಕಲೇಬೇಕು ಮೇಡಂ, ಮೂರು ದಿನ ಆಯ್ತು, ಯಾರು ಹೋದ್ರೂ ಬಾಯಿ ಬಿಡ್ತಿಲ್ಲ, ಎಂದಿದ್ದರು ನರ್ಸ್, ಬಿಡದಂತೆ ಮಾಡಿದ್ದು ಇಲ್ಲಿ ಊಟ ಮಾಡಿಸುವ ಸೇವೆಗೆ ಬರುವ ಅವಳೇ ತಾನೆ, ಅವತ್ತು ಗಡಿಯಾರ ಹಿಡಿದು ಕೂತು, ಅರವತ್ತು ಗುಟುಕುಗಳನ್ನು ಅಳೆದು ನೋಟುಬುಕ್ಕಿನಲ್ಲಿ ಬರೆದು, ಸರಾಸರಿ ಒಂಬತ್ತು ಸೆಕೆಂಡು ಎಂದು ಗೆರೆ ಎಳೆದು, ಒಂಬತ್ತಕ್ಕೊಂದು ಚಮಚ, ಒಂಬತ್ತಕ್ಕೊಂದು ಚಮಚ, ಆದರೆ ಕುರ್ಚಿಯಲ್ಲಿ ಕೂತಿದ್ದದ್ದು ಸರಾಸರಿ ಅಲ್ಲ, ತಾತ, ಹದಿನಾಲ್ಕು ಸೆಕೆಂಡು ಹಿಡಿದ ಆ ಒಂದು ಗುಟುಕು, ಅದು ಇಳಿಯುವ ಮೊದಲೇ ಮುಂದಿನ ಚಮಚ, ಕೆಮ್ಮು, ನೀಲಿಗಟ್ಟಿದ ತುಟಿ — ಚಮಚ ಇಲ್ಲಿ ಕೊಡಿ, ಎಂದಿದ್ದರು ದೊಡ್ಡಕ್ಕ, ಪ್ರಾರ್ಥನಾ ಮಂದಿರದ ಈ ವೃದ್ಧಾಶ್ರಮವನ್ನು ಇಪ್ಪತ್ತು ವರ್ಷದಿಂದ ನಡೆಸುತ್ತಿರುವವರು, ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು.

ಮಣಿ ಮೇಲೆ, ಕೆಳಗೆ, ಇನ್ನೊಂದು ಚಮಚ. ಇಡೀ ನೌಕರಿ ಪ್ರಯೋಗಾಲಯದಲ್ಲಿ ಹನಿಗಾಗಿ ಕಾದವಳು, ಗಾಜಿನ ಕೊಳವೆಯ ತುದಿಯಲ್ಲಿ ತೂಗಾಡುವ ಒಂದೇ ಹನಿ, ಬಿತ್ತೋ ದ್ರಾವಣವೆಲ್ಲ ಗುಲಾಬಿ ಬಣ್ಣ, ಅದಕ್ಕೆ ಉಸಿರು ಬಿಗಿಹಿಡಿದು ಕಾಯ್ತೀಯ, ನನ್ನ ಒಂದು ಮಾತು ಪೂರ್ತಿ ಮುಗಿಯೋ ತನಕ ಕಾಯಲ್ಲ ನೋಡು, ಮನೆಯಲ್ಲಿ ಯಜಮಾನರು ಅನ್ನುತ್ತಿದ್ದರು, ಅದನ್ನೂ ಅವಳು ಮುಗಿಸಲು ಬಿಟ್ಟಿರಲಿಲ್ಲ, ಮಗಳಂತೂ, ಅಮ್ಮಾ ನೀನು ತುತ್ತು ಕೊಡ್ತಿದ್ರೆ ರೈಲು ಹಿಡಿಯೋಕೆ ಹೊರಟ ಹಾಗಿರ್ತಿತ್ತು, ನಗು ಬರುತ್ತಿದೆ, ನಗಬಾರದು, ಚಮಚ ಅಲುಗುತ್ತೆ. ಇವತ್ತು ಬೆಳಿಗ್ಗೆ ದೊಡ್ಡಕ್ಕನ ಫೋನು, ತಾತ ನಿಮ್ಮನ್ನೇ ಕೇಳ್ತಿದಾರೆ, ನನ್ನನ್ನಾ, ಹೂಂ, ಆ ಅವಸರದಮ್ಮ ಬರಲಿ ಅಂತ, ಗಡಿಯಾರ ಮುಂದೆ ಓಡಿದ್ರೆ ಬಿಸಾಕ್ತಾರೇನು, ರಿಪೇರಿ ಮಾಡ್ತಾರೆ ಅಂತ — ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಕೈ ಈಗ ಮಡಿಲಲ್ಲಿ ಸುಮ್ಮನೆ ಬಿದ್ದಿದೆ, ಕಣ್ಣು ಮಾತ್ರ ಅವಳ ಮೇಲೆ, ಪರೀಕ್ಷೆ ಮಾಡುವ ಹಾಗೆ. ವಾಚು ಬಿಚ್ಚಿಟ್ಟು ಬಂದಿದ್ದಾಳೆ. ದೊಡ್ಡಕ್ಕ ಹೇಳಿಕೊಟ್ಟ ಒಂದೇ ಸಾಲು, ದೇವರೇ ಇವರ ಜೊತೆ ಇರು, ಚಮಚಕ್ಕೊಂದು ಸಲ, ಮಣಿ ಇಳೀಲಿಲ್ಲವೋ, ಮತ್ತೆ ಹೇಳಿ, ಎಷ್ಟು ಸಲ ದೊಡ್ಡಕ್ಕಾ, ಅದು ನಿಮ್ಮ ಲೆಕ್ಕ ಅಲ್ಲ ಕಣಮ್ಮ, ಮೇಲಿನವನದ್ದು. ಮೊದಲು ಸೆಕೆಂಡು ಎಣಿಸುವ ಹಾಗೆ ಹೇಳುತ್ತಿದ್ದಳು, ಯಾವ ಚಮಚದಿಂದ ಎಣಿಕೆ ನಿಂತಿತೋ, ಬರೀ ಕೇಳಿಕೊಳ್ಳುವುದಷ್ಟೇ ಉಳಿಯಿತೋ, ಗೊತ್ತಿಲ್ಲ, ಬರೆದಿಟ್ಟುಕೊಂಡಿಲ್ಲ.

ಈಗ ಸರಿಯಾಗಿ ನಡೀತಿದೆ, ತಾತ ಗೊಣಗಿದರು, ಯಾವುದು ತಾತಾ, ನೀವು, ಎಂದು ತಾವೇ ಬಾಯಿ ತೆರೆದರು, ತಾವೇ, ಬಟ್ಟಲ ತಳ ಕೆರೆದ ಸದ್ದು, ಕೊನೆಯ ಚಮಚ, ಹಿಂದೆ ನರ್ಸ್ ಚಪ್ಪಲಿಯ ಸಪ್ಪಳ, ಪೊಟ್ಟಣ ಸರಕ್ಕೆಂದಿತು, ಇದನ್ನ ಒಳಗಿಡ್ತೀನಿ ಮೇಡಂ, ಮುಗೀತಲ್ಲ, ಇಲ್ಲ, ಮುಗಿದಿಲ್ಲ, ಅವಳು ತಿರುಗಲಿಲ್ಲ, ಎದೆಯೊಳಗೆ ಏನೋ ಗುಲಾಬಿಯಾಗಿ ಹರಡುತ್ತಿದೆ, ಹರಡಲಿ, ದೇವರೇ ಇವರ ಜೊತೆ ಇರು, ಮಣಿ ಮೇಲೆ, ಅಲ್ಲೇ, ದೇವರೇ ಇವರ ಜೊತೆ ಇರು, ಇನ್ನೂ ಅಲ್ಲೇ — ಇಳಿಯಿತು, ಮಣಿ.