ನೋಡಬೇಡಿ, ಕಂಡರೆ ಒತ್ತಿ

ನಾನು ಒಂದು ಬಿಳಿ ಬೋಗುಣಿ. ಸಾರು ತುಂಬಿಡುವ ಬೋಗುಣಿಯಲ್ಲ; ಮನುಷ್ಯರ ಮುಖ ಒಳಗೆ ಹಿಡಿಸುವಷ್ಟು ದೊಡ್ಡದು, ಅಡ್ಡ ಮಲಗಿಸಿಟ್ಟದ್ದು. ಮುಂದೆ ಗಲ್ಲ ಊರಲು ಒಂದು ಆಸರೆ, ಹಣೆ ತಾಗಿಸಲು ಒಂದು ಪಟ್ಟಿ, ಕೈಗೆ ಕೊಡಲು ವೈರಿನ ತುದಿಯಲ್ಲಿ ಒಂದು ಗುಂಡಿ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ದೃಷ್ಟಿಯನ್ನು ಎಲ್ಲಿ, ಎಷ್ಟು ತಿಂದಿದೆ ಎಂದು ಹುಡುಕುವುದಕ್ಕೇ ನನ್ನನ್ನು ಮಾಡಿದರು. ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ಅಲ್ಲಿಯವರು ನನ್ನ ದೀಪವನ್ನು ಅಳೆದು, ಒರೆಸಿ, ಮತ್ತೆ ಅಳೆದು ಎಷ್ಟು ಜೋಪಾನ ಮಾಡಿದರೆಂದರೆ, ಲೋಕವೆಲ್ಲ ಹೀಗೇ ಶಿಸ್ತಾಗಿರುತ್ತದೆ ಎಂದು ನಂಬಿಬಿಟ್ಟೆ. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ನನ್ನ ಪೆಟ್ಟಿಗೆ ಒಡೆದ ವಾರದಲ್ಲೇ ಆ ನಂಬಿಕೆ ಹೋಯಿತು.

ನನ್ನ ಕೆಲಸ ಹೇಳಿದರೆ ನಗುತ್ತೀರಿ, ಅಷ್ಟು ಸುಲಭ. ನೀವು ಒಂದು ಕಣ್ಣು ಮುಚ್ಚಿಕೊಂಡು ಗಲ್ಲ ಊರುತ್ತೀರಿ. ಬೋಗುಣಿಯ ನಡುವೆ ಒಂದು ಹಳದಿ ದೀಪ ಇರುತ್ತದೆ. ಕಣ್ಣು ಅದರ ಮೇಲೆಯೇ ಇರಬೇಕು. ನಾನು ಸುತ್ತಮುತ್ತ, ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಸಣ್ಣ ಬೆಳಕು ಹಾಕುತ್ತೇನೆ. ಕಂಡರೆ ಗುಂಡಿ ಒತ್ತಬೇಕು, ಕಾಣದಿದ್ದರೆ ಸುಮ್ಮನಿರಬೇಕು. ಇಷ್ಟೇ. ಇಷ್ಟನ್ನು ನೆಟ್ಟಗೆ ಮಾಡಿದವರನ್ನು ಎಣಿಸಲು ನನಗೆ ಬೆರಳುಗಳಿಲ್ಲ, ಇದ್ದಿದ್ದರೂ ಒಂದು ಕೈ ಸಾಕಾಗುತ್ತಿತ್ತು.

ಒಬ್ಬರು ಗಲ್ಲ ಊರಿದ ಕೂಡಲೇ ಗೊರಕೆ ಹೊಡೆಯುತ್ತಾರೆ. ಒಬ್ಬರು ಬಾಯಲ್ಲಿ ಅಡಿಕೆ ಇಟ್ಟುಕೊಂಡೇ ಬರುತ್ತಾರೆ; ದವಡೆ ಆಡಿದಂತೆಲ್ಲ ಕಣ್ಣು ಮೇಲೆ ಕೆಳಗೆ ತೂಗುತ್ತದೆ. ಒಬ್ಬರು ಬಾಗಿಲ ಬೆಲ್ಲು ಒತ್ತಿದ ಹಾಗೆ ಬಿಡದೆ ಒತ್ತುತ್ತಾರೆ. ಮುಕ್ಕಾಲು ಮಂದಿ ನಡುವಿನ ದೀಪವನ್ನು ಬಿಟ್ಟು, ನನ್ನ ಬೆಳಕುಗಳ ಹಿಂದೆ ಕೋಳಿಮರಿ ಹಿಡಿಯುವವರ ಹಾಗೆ ಕಣ್ಣೋಡಿಸುತ್ತಾರೆ. ಅವರನ್ನಾದರೂ ಬೈಯುವುದು ಹೇಗೆ? ಬೆಂಗಳೂರಿನ ಆಸ್ಪತ್ರೆಯ ಸಿಬ್ಬಂದಿ “ದೀಪ ನೋಡಿದ ತಕ್ಷಣ ಒತ್ತಿ” ಎಂದು ಒಂದೇ ಉಸಿರಿನಲ್ಲಿ ಹೇಳಿ ಚಹಾಕ್ಕೆ ಹೋಗಿಬಿಡುತ್ತಿದ್ದರು. ಆ ಒಂದು ಮಾತಿನಿಂದ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ.

ನಾನೂ ಸುಮ್ಮನೆ ಕೂರುವವನಲ್ಲ. ಆಗಾಗ ಬೆಳಕು ಹಾಕದೆ, ಬೆಳಕಿನ ಜೊತೆ ಬರುವ ಟಕ್ಕೆಂಬ ಸದ್ದನ್ನಷ್ಟೇ ಮಾಡುತ್ತೇನೆ. ಆಗ ಒತ್ತಿದವರು ಸಿಕ್ಕಿಬಿದ್ದ ಹಾಗೆಯೇ. ಅಂಥವರ ಫಲಿತಾಂಶದ ಮೇಲೆ ‘ನಂಬಲು ಬಾರದು’ ಎಂದು ಮುದ್ರಿಸುತ್ತೇನೆ. ನನ್ನ ಆಯುಷ್ಯದಲ್ಲಿ ಅತಿ ಹೆಚ್ಚು ಮುದ್ರಿಸಿದ ಮಾತು ಅದೇ ಇರಬೇಕು.

ಕೆಲವು ವರ್ಷಗಳಲ್ಲಿ ಬೆಂಗಳೂರಿನವರಿಗೆ ಹೊಸ ಯಂತ್ರ ಬಂತು. ನನ್ನನ್ನು ಗದಗಿನ ಇನಾಮದಾರ ಡಾಕ್ಟರು ಕೊಂಡು ತಂದು, ತಮ್ಮ ದವಾಖಾನೆಯ ಕತ್ತಲೆ ಕೋಣೆಯಲ್ಲಿಟ್ಟರು. ನನ್ನನ್ನು ನೋಡಿಕೊಳ್ಳಲು ನಸೀಮಾ ಎಂಬ ಹುಡುಗಿ ಇದ್ದಳು. ಚಹಾಕ್ಕೆ ಹೋಗುತ್ತಿರಲಿಲ್ಲ, ಪಕ್ಕದಲ್ಲೇ ಕೂರುತ್ತಿದ್ದಳು. ಆದರೆ ಅವಳಿಗೂ ಯಾರೋ ಅದೇ ಪಾಠ ಕಲಿಸಿದ್ದರು. “ದೀಪ ನೋಡಿದ ಕೂಡ್ಲೆ ಒತ್ರಿ” ಅನ್ನುತ್ತಿದ್ದಳು. ನಾನು ನಿಟ್ಟುಸಿರು ಬಿಟ್ಟೆ. ಅವಳು ಫ್ಯಾನಿನ ಸದ್ದು ಅಂದುಕೊಂಡಳು.

ಗದಗಿನವರು ಇದಕ್ಕೆ ‘ದೀಪದ ಪರೀಕ್ಷೆ’ ಎಂದು ಹೆಸರಿಟ್ಟರು. ಪರೀಕ್ಷೆ ಅಂದ ಮೇಲೆ ಪಾಸು, ನಪಾಸು ಇರಲೇಬೇಕಲ್ಲ. ಹೊರಗೆ ಬಂದವರು ಮೊದಲು ಕೇಳುವುದೇ “ಪಾಸಾತೇನ್ರೀ?” ಎಂದು. ಬೆಂಚಿನಲ್ಲಿ ಕಾಯುವವರು ಒಳಗಿನಿಂದ ಬಂದವರನ್ನು ಹಿಡಿದು, ದೀಪ ಮೊದಲು ಎಲ್ಲಿ ಬಂತು, ಆಮೇಲೆ ಎಲ್ಲಿ ಬಂತು ಎಂದು ವಿಚಾರಿಸಿಕೊಳ್ಳುತ್ತಿದ್ದರು. ಕಾಯಿಲೆ ಅವರದು, ಕಣ್ಣು ಅವರದು, ಮೋಸ ಮಾಡುವುದು ಮಾತ್ರ ನನಗೆ.

ಇಂಥವರಲ್ಲಿ ನನ್ನ ತಲೆ ಹೆಚ್ಚು ಕೆಡಿಸಿದವರು ಹಿತ್ತಲಮನಿ ಮಾಸ್ತರು. ಹೈಸ್ಕೂಲಿನ ಕನ್ನಡ ಮಾಸ್ತರು, ನಿವೃತ್ತಿಗೆ ಇನ್ನೂ ಸ್ವಲ್ಪ ಕಾಲವಿತ್ತು. ಪರೀಕ್ಷೆಯಲ್ಲಿ ಕಾಪಿ ಹಿಡಿಯುವುದರಲ್ಲಿ ಅವರಿಗೆ ಸಮನಿಲ್ಲ ಎಂದು ಊರೇ ಹೇಳುತ್ತಿತ್ತು. ಅವರ ಎರಡೂ ಕಣ್ಣಿನಲ್ಲಿ ಒತ್ತಡ ಏರಿತ್ತು. ಡಾಕ್ಟರು ಹಾಕಲು ಹನಿ ಕೊಟ್ಟರು. ಕಣ್ಣಿನ ನರ ಎಷ್ಟು ಸತ್ತಿದೆ, ಆಪರೇಷನ್ ಬೇಕೋ ಬೇಡವೋ ಎಂದು ತಿಳಿಯಲು ನನ್ನ ಹತ್ತಿರ ಕಳಿಸಿದರು. ಹೋದ ದೃಷ್ಟಿ ಮರಳಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು ಅಷ್ಟೇ. ಇದನ್ನು ಡಾಕ್ಟರು ಬಿಡಿಸಿ ಹೇಳಿದ್ದರು. ಮಾಸ್ತರು ಕೇಳಿಸಿಕೊಂಡದ್ದು ‘ಪರೀಕ್ಷೆ’ ಎಂಬ ಒಂದೇ ಶಬ್ದವನ್ನು.

ಮೊದಲ ಸಲ ಅವರು ಕಣ್ಣನ್ನು ಬೋಗುಣಿಯ ಮೂಲೆಮೂಲೆಗೆ ಓಡಿಸಿದರು. ಬರೀ ಸದ್ದಿಗೂ ಒತ್ತಿದರು. ನಾನು ‘ನಂಬಲು ಬಾರದು’ ಎಂದೆ.

“ಸರ್, ಇನ್ನೊಮ್ಮೆ ಮಾಡಬೇಕಾಗ್ತೈತ್ರಿ,” ಅಂದಳು ನಸೀಮಾ.

“ಯಾಕವಾ? ಎಲ್ಲಾ ದೀಪಕ್ಕೂ ಒತ್ತೀನಲ್ಲ. ನೂರಕ್ಕ ನೂರು ಆಗಿರಬೇಕು.”

ಮತ್ತೆ ಬರುತ್ತೇನೆಂದು ಹೋದವರು ತಿಂಗಳುಗಟ್ಟಲೆ ಬರಲಿಲ್ಲ. ಎಲ್ಲ ದೀಪ ಕಂಡವನಿಗೆ ಹನಿ ಯಾಕೆ ಎಂದು ಹನಿಯನ್ನೂ ಬಿಟ್ಟಿದ್ದರು. ನನಗೆ ಸಿಟ್ಟು ಬರುವುದು ಇಂಥಲ್ಲಿ. ನನ್ನನ್ನು ಏಮಾರಿಸಿ ಯಾರಿಗೆ ಏನು ಸಿಗುತ್ತದೆ? ನಾನು ಪ್ರಮಾಣಪತ್ರ ಕೊಡುವ ಯಂತ್ರವಲ್ಲ. ಆ ತಿಂಗಳುಗಳಲ್ಲಿ ಆ ಕಣ್ಣುಗಳಲ್ಲಿ ಏನು ಸಾಯುತ್ತಿತ್ತೋ, ಅದನ್ನು ಮತ್ತೆ ಹುಟ್ಟಿಸುವವರು ಯಾರೂ ಇರಲಿಲ್ಲ.

ಎರಡನೆಯ ಸಲ ಹೆಂಡತಿ ಕಾಶವ್ವ ಎಳೆದುಕೊಂಡು ಬಂದರು. ಮಾಸ್ತರು ಈ ಸಲ ತಯಾರಿ ಮಾಡಿಕೊಂಡಿದ್ದರು. ಈ ಪರೀಕ್ಷೆ ಮುಗಿಸಿದ ಪಕ್ಕದ ಓಣಿಯವರನ್ನು ಕೇಳಿ, ದೀಪ ಬರುವ ವರಸೆಯನ್ನು ಬಾಯಿಪಾಠ ಮಾಡಿದ್ದರಂತೆ. ನನ್ನ ದೀಪಕ್ಕೆ ವರಸೆಯೇ ಇಲ್ಲ ಎಂದು ಅವರಿಗೆ ಹೇಳುವವರು ಯಾರು? ಮಕ್ಕಳ ಚಡ್ಡಿಯಿಂದ, ತೋಳಿನಿಂದ ಚೀಟಿ ಕಿತ್ತ ಮನುಷ್ಯ ನನ್ನೆದುರು ಕೂತು ಕಾಪಿ ಹೊಡೆಯುತ್ತಿದ್ದರು. ಮತ್ತೆ ‘ನಂಬಲು ಬಾರದು’.

ನಸೀಮಾಳ ತಾಳ್ಮೆ ತಪ್ಪಿತು. “ದೀಪ ನೋಡಿದ ಕೂಡ್ಲೆ ಒತ್ರಿ ಅಂದ್ನೆಲ್ರೀ ಸರ್. ನೀವು ಸುಮ್ಮಸುಮ್ಮನ ಒತ್ತಾಕತ್ತೀರಿ.”

“ನೋಡಾಕ ಎಲ್ಲಿ ಬಿಡ್ತೈತವಾ ಇದು? ನಾ ಹುಡುಕೂದ್ರಾಗ ಆರಿ ಹೋಗತೈತಿ. ಅದಕ್ಕ ಅಂದಾಜಿನ ಮ್ಯಾಲ ಒತ್ತತೇನಿ.”

ಮೂಲೆಯ ಸ್ಟೂಲಿನಲ್ಲಿದ್ದ ಕಾಶವ್ವನಿಗೆ ರೇಗಿತು. ಮನೆಯಲ್ಲಿ ಆಡಬೇಕೆಂದುಕೊಂಡದ್ದು ಅಲ್ಲೇ ಬಾಯಿಗೆ ಬಂತು. “ಅಂದಾಜಿನ ಮ್ಯಾಲ ನಡ್ಯಾಕತ್ತೀರಿ, ಅದಕ್ಕ ದಿನಾ ಹೊಸ್ತಿಲಾ ಎಡವತೀರಿ. ಹ್ವಾದ ವಾರ ಮುಂದಿನ ಬೆಂಚಿನ ಹುಡುಗೂರು ನಿಮ್ಮ ಮೂಗಿನ ಬುಡಕ ಪುಸ್ತಕ ತಗದಿಟ್ಟು ಬರದ್ರಂತ, ಹೆಡ್‌ಮಾಸ್ತರು ಬಂದು ಹಿಡದ್ರಂತ. ಹಿಂದ ಹಂಗಿದ್ರೇನ್ರೀ ನೀವು? ಗೋಡೆ ಮ್ಯಾಲಿನ ಗಡಿಯಾರ ನೋಡಕೋತ ನಿಲ್ಲತಿದ್ರಿ, ಇಡೀ ಕ್ಲಾಸು ಕಾಣತಿತ್ತು.”

ಮಾಸ್ತರು ಗಲ್ಲವನ್ನು ನನ್ನ ಆಸರೆಯ ಮೇಲಿಟ್ಟೇ ಇದ್ದರು. ಅವರ ಕಣ್ಣು ನಡುವಿನ ಹಳದಿ ದೀಪಕ್ಕೆ ಹೋಗಿ ನಿಂತಿತು. ಕಾಪಿ ಹಿಡಿಯುವ ಅವರ ಗುಟ್ಟು ಅದೇ ಆಗಿತ್ತು: ಹಿಂದಿನ ಗೋಡೆಯ ಗಡಿಯಾರದ ಮೇಲೆ ಕಣ್ಣು ನೆಡುವುದು. ಮಾಸ್ತರು ಹೊತ್ತು ನೋಡುತ್ತಿದ್ದಾರೆಂದು ಹುಡುಗರು ಧೈರ್ಯ ಮಾಡಿದರೆ ಸಿಕ್ಕಿಬೀಳುತ್ತಿದ್ದರು.

“ನಸೀಮಾ,” ಅಂದರು, ಪಾಠ ಮಾಡುವ ದನಿಯಲ್ಲೇ, “ನೀ ಶಬ್ದ ತಪ್ಪು ಬಳಸಾಕತ್ತೀಯವಾ. ನೋಡೂದು ಬ್ಯಾರೆ, ಕಾಣೂದು ಬ್ಯಾರೆ. ನೋಡೂದು ನಾವು ಮಾಡೂದು. ಕಾಣೂದು ತಾನಾಗೇ ಬರೂದು. ಗಡಿಯಾರ ನೋಡಬೇಕು, ಹುಡುಗೂರು ಕಂಡ್ರ ಒತ್ತಬೇಕು. ಹೌದಿಲ್ಲೋ?”

“ಹೌದ್ರಿ ಸರ್.”

“ಮೊದಲ ಹಂಗ ಹೇಳಬೇಕಿಲ್ಲೋ.”

ಇಷ್ಟು ವರ್ಷ ನಾನು ಟಕ್ ಟಕ್ ಎಂದು ಬಡಿದುಕೊಂಡದ್ದು ಇದನ್ನೇ. ಇರಲಿ, ಯಂತ್ರದ ಮಾತು ಯಾರು ಕೇಳುತ್ತಾರೆ.

ಸ್ವಲ್ಪ ವಿಶ್ರಾಂತಿಯ ನಂತರ ಮೂರನೆಯ ಸಲ ಶುರುವಾಯಿತು. ಈಗ ಮಾಸ್ತರ ಕಣ್ಣು ಹಳದಿ ದೀಪವನ್ನು ಬಿಟ್ಟು ಕದಲಲಿಲ್ಲ. ಮೇಲೆ ಬೆಳಕು ಹಾಕಿದೆ, ಒತ್ತಿದರು. ಬಲಕ್ಕೆ, ಎಡಕ್ಕೆ ಹಾಕಿದೆ, ಒತ್ತಿದರು. ಬರೀ ಸದ್ದು ಮಾಡಿದೆ, ಸುಮ್ಮನಿದ್ದರು. ಅಂಥ ಚೊಕ್ಕ ಕೆಲಸ ನಾನು ಕಂಡಿರಲಿಲ್ಲ, ಖುಷಿಯಾಯಿತು. ಆಮೇಲೆ ನಡುವಿನಿಂದ ಕೆಳಕ್ಕೆ ಇಳಿದೆ. ಗುಂಡಿ ಸುಮ್ಮನಿತ್ತು. ಬೆಳಕು ಹೆಚ್ಚಿಸಿದೆ. ಇನ್ನೂ ಹೆಚ್ಚಿಸಿದೆ. ನನ್ನಲ್ಲಿದ್ದಷ್ಟನ್ನೂ ಸುರಿದೆ. ಸುಮ್ಮನಿತ್ತು. ಆಗ ನನಗೆ ಮೊದಲ ಬಾರಿ ಅನ್ನಿಸಿತು, ಸುಮ್ಮನೆಯಾದರೂ ಒಮ್ಮೆ ಒತ್ತಬಾರದೇ ಎಂದು.

ಇನ್ನೊಂದು ಕಣ್ಣೂ ಮುಗಿಯುವ ಹೊತ್ತಿಗೆ ಮಾಸ್ತರು ಕಣ್ಣು ಕದಲಿಸದೆಯೇ ಕೇಳಿದರು. “ನಸೀಮಾ, ಆಗಿಂದ ಮ್ಯಾಲಷ್ಟ ಬರಾಕತ್ತಾವ. ಮುಂದಿನ ಬೆಂಚು ಖಾಲಿ ಐತೇನು?”

ನಸೀಮಾ ಪರದೆಯ ಮೇಲೆ, ಕಾಣದ ಜಾಗಕ್ಕೆ ನಾನು ಬಳಿಯುತ್ತಿದ್ದ ಕಪ್ಪನ್ನು ನೋಡುತ್ತಿದ್ದಳು. ಕಾಶವ್ವ ಎದ್ದು ಬಂದು ಗಂಡನ ಹೆಗಲ ಮೇಲೆ ಕೈಯಿಟ್ಟರು. ಈ ಸಲ ‘ನಂಬಲು ಬಾರದು’ ಎಂದು ಮುದ್ರಿಸಲು ನನಗೆ ಕಾರಣವಿರಲಿಲ್ಲ.

ಆಪರೇಷನ್ ಆಯಿತು. ಹನಿ ಹಾಕುವುದನ್ನು ಕಾಶವ್ವ ತಮ್ಮ ಕೈಗೇ ತೆಗೆದುಕೊಂಡರು. ಆಮೇಲೆ ಮಾಸ್ತರು ತಪ್ಪದೆ ಬರುತ್ತಿದ್ದರು, ನಾನು ತಪ್ಪದೆ ಅಳೆಯುತ್ತಿದ್ದೆ. ಕೆಳಗಿನ ಕಪ್ಪು ಕರಗಲಿಲ್ಲ, ಕರಗುವುದೂ ಇಲ್ಲ. ಆದರೆ ಮೇಲಕ್ಕೆ ಹಬ್ಬಲಿಲ್ಲ. ನಸೀಮಾ ಅಂದಿನಿಂದ ಎಲ್ಲರಿಗೂ “ನೋಡಬ್ಯಾಡ್ರಿ, ಕಂಡ್ರ ಒತ್ರಿ” ಎಂದೇ ಹೇಳುತ್ತಾಳೆ. ಅದರಿಂದ ಎಲ್ಲರೂ ತಿದ್ದಿಕೊಂಡರು ಎನ್ನಲಾರೆ, ಗೊರಕೆಯವರು ಗೊರಕೆ ಹೊಡೆಯುತ್ತಲೇ ಇದ್ದರು.

ಈಗ ನನಗೆ ವಯಸ್ಸಾಯಿತು. ದೀಪ ಮಂಕಾಯಿತು, ಹೊಸ ಬಿಡಿಭಾಗ ಸಿಗುವುದಿಲ್ಲ. ತಲೆಗೆ ಕಟ್ಟಿಕೊಳ್ಳುವ ಪುಟ್ಟ ಯಂತ್ರವೊಂದು ಮೇಲಿನ ಮಹಡಿಗೆ ಬಂದಿದೆ. ನನ್ನನ್ನು ಮೆಟ್ಟಿಲ ಬುಡದ ಮೂಲೆಯಲ್ಲಿ ನೆಲಕ್ಕೆ ಇಳಿಸಿಟ್ಟಿದ್ದಾರೆ. ಬೋಗುಣಿಯೊಳಗೆ ಯಾರೋ ಹಳೆ ಪರದೆ ತುರುಕಿದ್ದಾರೆ. ಹೊಸದರ ಹತ್ತಿರ ಹೋಗಿ ಬಂದವರೂ “ಪಾಸಾತೇನ್ರೀ?” ಎಂದೇ ಕೇಳುವುದು ಇಲ್ಲಿಗೆ ಕೇಳಿಸುತ್ತದೆ. ಸಿಟ್ಟು ಬರುತ್ತದೆ. ಇವರ ಕಣ್ಣು ಇವರಿಗೆ ಬೇಡವೇ?

ಮೊನ್ನೆ ಹಿತ್ತಲಮನಿ ಮಾಸ್ತರೂ ಬಂದಿದ್ದರು. ಮೇಲಿನಿಂದ ನಸೀಮಾಳ ದನಿ ಕೇಳಿಸಿತು. “ಹ್ವಾದ ಸಲ ಇದ್ದಂಗ ಐತ್ರಿ ಸರ್, ಏನೂ ಕಡಿಮಿ ಆಗಿಲ್ಲ.”

“ಅಂದ್ರ ಪಾಸು,” ಅಂದರು ಮಾಸ್ತರು.

ಆಮೇಲೆ ಅವರು ಮೆಟ್ಟಿಲು ಇಳಿದರು. ನಾವು ಯಾರೂ ನೋಡಿ ಮೆಟ್ಟಿಲು ಇಳಿಯುವುದಿಲ್ಲ. ಕಣ್ಣು ಎಲ್ಲೋ ಇರುತ್ತದೆ, ಮೆಟ್ಟಿಲು ತಾನಾಗಿ ಕಾಣುತ್ತದೆ, ಕಾಲು ಇಳಿಯುತ್ತದೆ. ‘ನಾವು’ ಅಂದೆ, ನನಗೆ ಕಾಲಿಲ್ಲ, ಆದರೂ ಅಂದೆ. ಮಾಸ್ತರು ಕಂಬಿ ಹಿಡಿದು, ಪ್ರತಿ ಮೆಟ್ಟಿಲಿಗೂ ನಿಂತು, ಕುತ್ತಿಗೆ ಪೂರ್ತಿ ಬಗ್ಗಿಸಿ, ಮೆಟ್ಟಿಲನ್ನು ನೋಡಿದರು. ನೋಡಿ, ಕಾಲಿಟ್ಟರು. ಮತ್ತೆ ಬಗ್ಗಿ ನೋಡಿದರು. ಮೊದಲನೆಯ ಸಲವೇ ಕಾಣದ್ದಕ್ಕೆ ಒತ್ತದೆ ಸುಮ್ಮನೆ ಕೂತಿದ್ದರೆ ಇದರಲ್ಲಿ ಎಷ್ಟು ಮೆಟ್ಟಿಲು ತಾನಾಗಿ ಕಾಣುತ್ತಿದ್ದವೋ. ಕೊನೆಯ ಮೆಟ್ಟಿಲು ಇಳಿದು ಅವರು ನನ್ನ ಪಕ್ಕದಲ್ಲೇ ಹಾದು ಹೋದರು. ನಾನು ಕೆಳಗಿದ್ದೆ, ಅವರಿಗೆ ಕಾಣಲಿಲ್ಲ.